ಅತ್ತೆ ಚಂದ್ರಿಕೆ ಕೇಳಲು ಬಂದ ದಿನ

ಜನವರಿ 18, ಭಾನುವಾರ, ಬೆಳಗ್ಗೆ 6 ಗಂಟೆ 40 ನಿಮಿಷ. ಪಡಸಾಲೆಯಲ್ಲಿ ಕೂತು ಬರೆಯಲು ಶುರುಮಾಡಿದ್ದೇನೆ. ಅವ್ವ ಹುಳದ ಮನೆಯಲ್ಲಿ ಬೆಳಗಿನ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಾಳೆ. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆ ಎತ್ತಿಕೊಂಡು ಒಂದು ದಿನ ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಈಗಿನ ಹುಳ ನಾಲ್ಕನೇ ಜ್ವರ ಎದ್ದು ಮೂರು ದಿನವಾಯಿತು. ಇನ್ನು ಹಣ್ಣಾಗಿ ಗೂಡು ಕಟ್ಟುವವರೆಗೆ ಅದಕ್ಕೆ ಮೇಯುವುದೊಂದೇ ಕೆಲಸ. ಮೇಯುವ ಸದ್ದು ಇಲ್ಲಿಯವರೆಗೂ ಬರುತ್ತಿದೆ, ಒಣಗಿದ ತೆಂಗಿನ ಗರಿಯ ಮೇಲೆ ತುಂತುರು ಬಿದ್ದ ಹಾಗೆ.

ಇದನ್ನು ಬರೆಯಬೇಕೆಂದು ಹತ್ತು ತಿಂಗಳಿಂದ ಅಂದುಕೊಳ್ಳುತ್ತಿದ್ದೆ.

ನಮ್ಮೂರು ಮಳವಳ್ಳಿ ತಾಲ್ಲೂಕಿನದು, ಪೂರಿಗಾಲಿಗೆ ಹತ್ತಿರ. ನನ್ನ ಕೆಲಸ ಭಾರತೀನಗರದ ಒಂದು ಕಾಲೇಜಿನ ಕಚೇರಿಯಲ್ಲಿ. ತಾರೀಖು ಬರೆದಿಡುವ ಚಾಳಿ ನನಗೆ ಹುಳದಿಂದಲೇ ಬಂದದ್ದು. ಯಾವ ದಿನ ಚಾಕಿ, ಅಂದರೆ ಮರಿಹುಳ, ತಂದೆವು, ಯಾವ ಜ್ವರಕ್ಕೆ ಎಷ್ಟು ಹೊತ್ತಿಗೆ ಕೂತಿತು, ಎಷ್ಟು ಹೊರೆ ಸೊಪ್ಪು ಹೋಯಿತು ಎನ್ನುವುದನ್ನು ಅವ್ವ ಬಾಗಿಲ ಹಿಂದಿನ ಕ್ಯಾಲೆಂಡರಿನ ಮೇಲೆ ಗೀಚುತ್ತಿದ್ದಳು. ವರ್ಷ ಮುಗಿದ ಮೇಲೆ ಆ ಹಾಳೆಗಳು ಮೆಣಸಿನಕಾಯಿ ಒಣಗಿಸಲು ಹೋಗುತ್ತಿದ್ದವು. ಏಳನೇ ಕ್ಲಾಸಿನಲ್ಲಿ ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ಅದನ್ನೆಲ್ಲ ಬರೆಯತೊಡಗಿದೆ. ಮೊದಮೊದಲು ಹುಳದ ವಿಷಯ ಮಾತ್ರ ಬರೆಯುತ್ತಿದ್ದೆ, ಆಮೇಲೆ ಎಲ್ಲವನ್ನೂ. ಈಗ ಅಂಥ ಪುಸ್ತಕ ಹದಿನಾಲ್ಕು ಆಗಿವೆ.

ಮೊದಲ ಐದಾರು ಪುಸ್ತಕದ ತುಂಬ ಎರಡು ಮನೆಗಳಿವೆ, ನಮ್ಮದು ಮತ್ತು ಗೋಡೆಯಾಚೆಯ ಅತ್ತೆ ಮಾವನದು. ಅವರು ನಮಗೆ ರಕ್ತಸಂಬಂಧವಲ್ಲ, ಊರಿನ ವರಸೆ. ಅವರ ಹೊಲವೂ ನಮ್ಮ ಸೊಪ್ಪಿನ ತೋಟಕ್ಕೆ ಅಂಟಿಕೊಂಡೇ ಇದೆ, ನಡುವೆ ಒಂದು ಬದು. ಅತ್ತೆಗೆ ಮಕ್ಕಳಿಲ್ಲ. ಅದನ್ನು ಅವರು ಯಾರಿಗೂ ದುಃಖದ ವಿಷಯವಾಗಿ ಹೇಳಿದ್ದು ನಾನು ಕೇಳಿಲ್ಲ. ಪಕ್ಕದ ಮನೆಯದೊಂದು ಸಾಕಾಗಿದೆ, ಅದೇ ತಟ್ಟೆ ಲೆಕ್ಕ ಹೇಳಿ ತಲೆ ತಿನ್ನುತ್ತದೆ ಎಂದು ನನ್ನನ್ನು ತೋರಿಸುತ್ತಿದ್ದರು.

ಆಗ ಎರಡು ಮನೆಯವರೂ ಒಂದು ಬೆಳೆಗೆ ನೂರು ಮೊಟ್ಟೆ ಹುಳ ಕಟ್ಟುತ್ತಿದ್ದರು. ನೂರು ಮೊಟ್ಟೆ ಎಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆ, ಹುಳ ನಲವತ್ತು ಸಾವಿರದ ಆಸುಪಾಸು. ಹಣ್ಣಾದ ಹುಳ ಗೂಡು ಕಟ್ಟಲು ಚಂದ್ರಿಕೆ ಬೇಕು. ಅದು ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರಿನ ತಟ್ಟಿ, ಮೇಲೆ ಸುರುಳಿಯಾಗಿ ನಿಲ್ಲಿಸಿದ ಬಿದಿರಿನ ಪಟ್ಟಿ. ಒಂದಕ್ಕೆ ಸಾವಿರ ಹುಳ ಹಿಡಿಯುತ್ತದೆ. ನಮ್ಮಲ್ಲಿದ್ದದ್ದು ಇಪ್ಪತ್ತೆರಡು, ಅವರಲ್ಲಿ ಹದಿನೆಂಟು. ಯಾರದೂ ಅವರವರಿಗೆ ಸಾಲದು, ಎರಡೂ ಸೇರಿದರೆ ಸರಿಯಾಗಿ ನಲವತ್ತು. ಅದಕ್ಕೇ ಅವ್ವ ಮತ್ತು ಅತ್ತೆ ಹದಿನೈದು ದಿನ ಹಿಂದೆ ಮುಂದೆ ಚಾಕಿ ತರುತ್ತಿದ್ದರು. ನಲವತ್ತೂ ಒಮ್ಮೆ ಇಲ್ಲಿ ನಿಲ್ಲುತ್ತಿದ್ದವು, ಒಮ್ಮೆ ಅಲ್ಲಿ. ಯಾವುದು ಯಾರದೆಂಬ ಗುರುತೂ ಇರಲಿಲ್ಲ.

ಹಣ್ಣುಹುಳ ಗುರುತಿಸಲು ನನಗೆ ಕಲಿಸಿದ್ದು ಅತ್ತೆ. ಹುಳವನ್ನು ಎರಡು ಬೆರಳಲ್ಲಿ ಹಗುರವಾಗಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಹಸಿ ಹುಳವಾದರೆ ಒಳಗೆ ಸೊಪ್ಪಿನ ಹಸಿರು ಕಾಣುತ್ತದೆ, ಹಣ್ಣಾಗಿದ್ದರೆ ಜೇನು ತುಂಬಿದ ಹಾಗೆ ಮೈಯೆಲ್ಲ ತಿಳಿ. ನನ್ನ ಬೆರಳು ಸಣ್ಣವು, ಹುಳ ನಲುಗುವುದಿಲ್ಲ ಎಂದು ಎರಡೂ ಮನೆಯಲ್ಲಿ ನನಗೆ ಬೇಡಿಕೆ. ಎಂಟನೇ ಕ್ಲಾಸಿನ ಪುಸ್ತಕದಲ್ಲಿ ಒಂದು ದಿನದ ಬರಹ ಇಷ್ಟೇ ಇದೆ: “ಅತ್ತೆ ಮನೆ. 31 ತಟ್ಟೆ ಹುಳ ಆಯ್ದೆ. ಮುದ್ದೆ, ಉಪ್ಸಾರು, ಅವರೆಕಾಳು. ಎರಡು ಸಲ ಬಡಿಸಿಕೊಂಡೆ.”

ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿ ಬರುವ ದಿನ ಅವ್ವ ಮತ್ತು ಅತ್ತೆ ಮದ್ದೂರಿನಲ್ಲಿ ಬಸ್ಸು ಬದಲಿಸುತ್ತಿದ್ದರು. ಅಲ್ಲಿ ಇಬ್ಬರೂ ಒಂದೊಂದು ವಡೆ ತಿಂದು, ಮನೆಗೆಂದು ಒಂದೇ ಒಂದು ಕಟ್ಟಿಸಿಕೊಂಡು ಬರುವರು. ಅದು ನನಗೂ ಅಪ್ಪನಿಗೂ ಮಾವನಿಗೂ ಮೂರು ಪಾಲು. ಮಾವ ತಮ್ಮ ಪಾಲನ್ನು ನನಗೆ ಕೊಡುವ ಹಾಗೆ ಚಾಚಿ, ನಾನು ಬಾಯಿ ತೆಗೆದ ತಕ್ಷಣ ತಾವೇ ತಿಂದುಬಿಡುತ್ತಿದ್ದರು. ನಾನು ಅದನ್ನೂ ಬರೆದಿದ್ದೇನೆ. ಏಳು ಸಲ ಮೋಸ, ನಾಲ್ಕು ಸಲ ನಿಜವಾಗಿ ಕೊಟ್ಟದ್ದು.

ಮಾವ ತಮ್ಮ ಹೊಲದಲ್ಲಿ ಬದನೆ ಬೆಳೆಯುತ್ತಿದ್ದರು. ಬದನೆಗೆ ಔಷಧಿ ಹೊಡೆಯಬೇಕು, ಸೊಪ್ಪಿಗೆ ಅದು ಸೋಕಿದರೆ ಹುಳ ಉಳಿಯುವುದಿಲ್ಲ. ಅದಕ್ಕೇ ಹಿಂದಿನ ದಿನ ಸಂಜೆ ಬದುವಿನ ಮೇಲೆ ನಿಂತು ಕೂಗುವುದು ಪದ್ಧತಿ. “ನಾಳೆ ಔಸ್ದಿ ಒಡೀತೀನಿ ಕಣವ್ವೋ, ಬದೀ ಸೊಪ್ಪು ಮುಟ್ಬ್ಯಾಡಿ” ಎಂದು ಮಾವ ಕೂಗಿದರೆ ನಮ್ಮ ಮನೆಯ ಹಿತ್ತಿಲಿಗೆ ಕೇಳುತ್ತಿತ್ತು. ಬದುವಿನ ಪಕ್ಕದ ಎರಡು ಸಾಲನ್ನು ನಾವು ಹದಿನೈದು ದಿನ ಹಾಗೇ ಬಿಡುತ್ತಿದ್ದೆವು.

ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದಾಗ, ನವೆಂಬರ್ 9, ಮಂಗಳವಾರ, ಮಾವ ಕೂಗದೆ ಹೊಡೆದರು.

ಬೆಳಗಿನ ಸೊಪ್ಪು ಹಾಕಿ ನಾನು ಕಾಲೇಜಿಗೆ ಹೋಗಿದ್ದೆ. ಸಂಜೆ 5:20ಕ್ಕೆ ಬಂದಾಗ ಅವ್ವ ಹುಳದ ಮನೆಯ ಬಾಗಿಲಲ್ಲಿ ಕೂತಿದ್ದಳು. ಒಳಗೆ ಸದ್ದಿರಲಿಲ್ಲ. ಹುಳಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು, ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು, ಮೈ ಗಿಡ್ಡವಾಗಿತ್ತು. ಇನ್ನು ನಾಲ್ಕು ದಿನಕ್ಕೆ ಹಣ್ಣಾಗಬೇಕಿದ್ದ ಹುಳ. ಮರುದಿನ ಅಪ್ಪ ತಿಪ್ಪೆಯ ಆಚೆ ಗುಂಡಿ ತೋಡಿದ. ನಾನು ಮತ್ತು ಅವ್ವ ಮಂಕರಿಯಲ್ಲಿ ತುಂಬಿ ತುಂಬಿ ಹಾಕಿದೆವು. ಮಂಕರಿ ಮೂವತ್ತಾರು. ಅವ್ವ ಮದುವೆಯಾಗಿ ಬಂದಾಗಿನಿಂದ ಹುಳ ಸಾಕಿದವಳು. ರೋಗ ಬಂದು ಅರ್ಧ ಹೋದದ್ದಿತ್ತು, ಇಡೀ ಬೆಳೆ ಗುಂಡಿಗೆ ಹೋದದ್ದಿರಲಿಲ್ಲ. ಸುಣ್ಣ ಹಾಕಿ ಮಣ್ಣು ಮುಚ್ಚಿದ ಮೇಲೆ ಅವಳು ಒಬ್ಬಳೇ ತೋಟದ ಕಡೆ ಹೋದಳು.

ಅಪ್ಪ ಬದುವಿನ ಮೇಲೆ ನಿಂತು ಬೈದ. ಮಾವ, ಔಷಧಿಯನ್ನು ಊರಲ್ಲಿ ಎಲ್ಲರೂ ಹೊಡೆಯುತ್ತಾರೆ ಎಂದುಬಿಟ್ಟರು. ಅದೇ ಮಾತು ಉರಿಗೆ ತುಪ್ಪವಾಯಿತು. ಮೂರನೇ ದಿನ ಅರಳಿಕಟ್ಟೆಯಲ್ಲಿ ನಾಲ್ಕು ಜನ ಹಿರಿಯರು ಸೇರಿದರು. ಅಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದವಳು ನಾನು. ನಮ್ಮ ಗೂಡು ಚೆನ್ನಾಗಿ ಬರುವುದನ್ನು ನೋಡಲಾರದೆ ಬೇಕಂತಲೇ ಮಾಡಿದ್ದಾರೆ ಎಂದೆ. ಒಬ್ಬ ತಾತ, ಬದಿಯ ಸೊಪ್ಪು ಕೊಯ್ದಿದ್ದಿರಾ ಎಂದು ಕೇಳಿದರು. ಅವ್ವ ಬಾಯಿ ತೆರೆಯುವ ಮೊದಲೇ ನಾನು, ಗಾಳಿ ಇಡೀ ತೋಟಕ್ಕೆ ಬೀಸಿತ್ತು, ಬದಿಯಾದರೇನು ನಡುವಾದರೇನು ಎಂದೆ. ಎದುರಿಗೆ ಕೂತಿದ್ದ ಅತ್ತೆ ನನ್ನ ಮುಖವನ್ನೇ ನೋಡಿದರು.

ಆ ವಾರವೇ ಚಂದ್ರಿಕೆ ಪಾಲಾದವು. ಗುರುತಿಲ್ಲದ ನಲವತ್ತನ್ನು ಎಣಿಸಿ, ಇಪ್ಪತ್ತೆರಡನ್ನು ಈಚೆ ತಂದು, ಪ್ರತಿಯೊಂದರ ಮೂಲೆಗೂ ಕೆಂಪು ಬಣ್ಣ ಬಳಿದವಳು ನಾನೇ.

ಆಗ ನನ್ನ ಪುಸ್ತಕದಲ್ಲಿ, ನವೆಂಬರ್ 9ನ್ನೇ ಮೊದಲ ದಿನವಾಗಿ ಹಿಡಿದು, ದಿನಕ್ಕೊಂದು ಗೀಟು ಶುರುವಾಯಿತು. ಅವರ ಮನೆಯವರೊಡನೆ ಮಾತಿಲ್ಲದೆ ಕಳೆದ ಒಂದೊಂದು ದಿನಕ್ಕೆ ಒಂದೊಂದು ಗೀಟು, ಐದಕ್ಕೊಂದು ಅಡ್ಡಗೀಟು. ಮೊದಲ ತಿಂಗಳು ಹಾಳೆ ಹರಿಯುವ ಹಾಗೆ ಒತ್ತಿ ಎಳೆಯುತ್ತಿದ್ದೆ. ಆಮೇಲೆ ಹಲ್ಲುಜ್ಜುವ ಹಾಗೆ ಅದೂ ಒಂದು ಅಭ್ಯಾಸವಾಯಿತು. ಅತ್ತೆ ಎದುರು ಬಂದರೆ ನಾನು ದಾರಿ ಬದಲಿಸುತ್ತಿದ್ದೆ. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿಯಿದ್ದರೂ ಮಳವಳ್ಳಿಯವರೆಗೆ ನಿಂತೇ ಹೋಗುತ್ತಿದ್ದೆ. ಹಾಗೆ ನಿಂತದ್ದು ಹದಿನೇಳು ಸಲ.

ಅವ್ವ ಒಂದು ವರ್ಷ ಹುಳ ಕಟ್ಟಲಿಲ್ಲ. ಆಮೇಲೆ ಐವತ್ತು ಮೊಟ್ಟೆಯಷ್ಟು ಮಾತ್ರ ತಂದಳು, ಇಪ್ಪತ್ತೆರಡು ಚಂದ್ರಿಕೆಗೆ ಅಷ್ಟೇ. ಗೋಡೆಯಾಚೆಯೂ ಹದಿನೆಂಟಕ್ಕೆ ತಕ್ಕಷ್ಟೇ. ಜಗಳದಿಂದ ಎರಡೂ ಮನೆ ಅರ್ಧರ್ಧಕ್ಕೆ ಇಳಿದವು. ಆಗ ನನಗೆ ಅವರ ಅರ್ಧ ಮಾತ್ರ ಕಾಣುತ್ತಿತ್ತು, ಮತ್ತು ಅದನ್ನು ಕಂಡು ಸಂತೋಷವಾಗುತ್ತಿತ್ತು.

ನಾನು ಕಾಯುತ್ತಿದ್ದದ್ದು ಒಂದೇ ಒಂದು ಗಳಿಗೆಗೆ. ನಮ್ಮೂರಲ್ಲಿ ಒಂದು ಕಟ್ಟು ಇದೆ. ಹಣ್ಣುಹುಳಕ್ಕೆಂದು ಯಾರಾದರೂ ಚಂದ್ರಿಕೆ ಕೇಳಿಕೊಂಡು ಬಂದರೆ ಇಲ್ಲ ಎನ್ನಬಾರದು, ಅವರು ಎಂಥ ಹಗೆಯವರಾದರೂ ಸರಿ. ಹಣ್ಣಾದ ಹುಳ ಕಾಯುವುದಿಲ್ಲ. ಆ ದಿನ ಜಾಗ ಸಿಗದಿದ್ದರೆ ಸೊಪ್ಪಿನ ಕಡ್ಡಿ, ಗೋಡೆ ಮೂಲೆ, ಎಲ್ಲೆಂದರಲ್ಲಿ ನೂಲು ಉಗುಳಿ ಮುಗಿಸುತ್ತದೆ. ಅದರ ಇಪ್ಪತ್ತೈದು ದಿನದ ಮೇವು ಅಲ್ಲಿಗೆ ಹೋಯಿತು. ಎಂದಾದರೊಂದು ದಿನ ಅವರು ಕೇಳಿಕೊಂಡು ಬರುತ್ತಾರೆ, ಆ ದಿನ ನಾನು ಆ ಕಟ್ಟು ಮುರಿಯುತ್ತೇನೆ ಎಂದುಕೊಂಡಿದ್ದೆ. ಆಡಬೇಕಾದ ಮಾತನ್ನೂ ಬರೆದಿಟ್ಟಿದ್ದೆ. ನಮ್ಮ ಹುಳ ಸತ್ತಾಗ ಗುಂಡಿ ತೋಡಲು ಗುದ್ದಲಿ ತಂದವರಲ್ಲ ನೀವು, ಈಗ ಯಾವ ಮುಖ ಇಟ್ಟುಕೊಂಡು ಬಂದಿರಿ, ಎಂದು ಶುರುವಾಗುತ್ತಿತ್ತು. ಅದನ್ನು ಒಂಬತ್ತು ಸಲ ತಿದ್ದಿದ್ದೇನೆ.

ಕಳೆದ ವರ್ಷ ಮಾರ್ಚ್ 22 ನಾಲ್ಕನೇ ಶನಿವಾರ, ನನಗೆ ರಜೆ. ಆ ತಿಂಗಳು ಬಿಸಿಲು ವಿಪರೀತ. ಅತ್ತೆ ಮನೆಯವರು ಮೂರು ವರ್ಷದ ಮೇಲೆ ಮತ್ತೆ ನೂರು ಮೊಟ್ಟೆ ಕಟ್ಟಿದ್ದರೆಂದು, ಮಿಕ್ಕ ಚಂದ್ರಿಕೆಯನ್ನು ಬಾಡಿಗೆಗೆ ಹೇಳಿದ್ದರೆಂದು ನನಗೆ ಗೊತ್ತಿತ್ತು. ಅಂಥದ್ದನ್ನು ತಿಳಿದುಕೊಳ್ಳುವುದೇ ನನ್ನ ಕೆಲಸವಾಗಿತ್ತು. ಸೆಕೆಗೆ ಹುಳ ಒಂದು ದಿನ ಮುಂಚೆಯೇ ಹಣ್ಣಾಗಿತ್ತು. ಬೆಳಗ್ಗೆಯೇ ಮಾವ ಟೆಂಪೊ ತೆಗೆದುಕೊಂಡು ಮದ್ದೂರಿನ ಕಡೆ ಹೋದರು. ಸೋಮನಹಳ್ಳಿಯವರೆಗೂ ಹುಡುಕಿದರಂತೆ. ಎಲ್ಲರ ಹುಳವೂ ಒಟ್ಟಿಗೆ ಹಣ್ಣಾಗಿ ಎಲ್ಲೂ ಒಂದು ಚಂದ್ರಿಕೆ ಇರಲಿಲ್ಲ.

ಅಪ್ಪ ಮಂಡ್ಯಕ್ಕೆ ಹೋಗಿದ್ದ. ಅವ್ವ ಪೂರಿಗಾಲಿಯಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೇ. ಮಧ್ಯಾಹ್ನ 1:35ಕ್ಕೆ ಅತ್ತೆ ಬಾಗಿಲಲ್ಲಿ ನಿಂತರು. ಮೂರು ವರ್ಷದಲ್ಲಿ ಅವರನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕೂದಲು ಬೆಳ್ಳಗಾಗಿತ್ತು. ಸೆರಗಿನ ಮೇಲೆ ಎರಡು ಹಣ್ಣುಹುಳ ಹರಿಯುತ್ತಿದ್ದವು, ಅವರಿಗೆ ಅದರ ಗ್ಯಾನವಿರಲಿಲ್ಲ.

“ನಿಮ್ಮವ್ವ ಇಲ್ವೇನವ್ವ?”

ನಾನು ಇಲ್ಲವೆಂದು ತಲೆಯಾಡಿಸಿದೆ.

“ಉಳ ಎಲ್ಲಾ ಒಂದೇ ಸಲ ಅಣ್ಣಾಗೋದೊ. ಚಂದ್ರಿಕೆ ಕೊಡವ್ವ, ನಾಕ್ ದಿನುಕ್ಕೆ.”

ಒಂಬತ್ತು ಸಲ ತಿದ್ದಿದ ಮಾತು ಒಂದಕ್ಷರವೂ ಬರಲಿಲ್ಲ. ಬಂದದ್ದು ಇಷ್ಟೇ: “ನಮ್ಮತ್ರ ಇಲ್ಲ.”

ಇಪ್ಪತ್ತೆರಡೂ ನನ್ನ ಬೆನ್ನ ಹಿಂದಿನ ಗೋಡೆಗೇ ಒರಗಿ ನಿಂತಿದ್ದವು, ಬ್ಲೀಚಿಂಗ್ ಪುಡಿಯಲ್ಲಿ ತೊಳೆದು ಒಣಗಿಸಿದವು. ಅತ್ತೆ ನನ್ನ ಭುಜದ ಮೇಲಿಂದ ಅವನ್ನು ನೋಡಿದರು, ಆಮೇಲೆ ನನ್ನನ್ನು.

“ಆಯ್ತು ಬುಡವ್ವ. ನಾನು ಬಂದು ಕೇಳ್ದೆ ಅಂತ ನಿಮ್ಮವ್ವುಂಗೆ ಯೋಳ್ಬ್ಯಾಡ. ಬೈತಾಳೆ ನಿನ್ನ.”

ಅಷ್ಟು ಹೇಳಿ ಹೋದರು.

ನಾನು ಪುಸ್ತಕ ತೆಗೆದೆ. ಇಷ್ಟು ದಿನ ಕಾದ ಕೆಲಸ ಮುಗಿದಿದೆ, ಬರೆಯಬೇಕಲ್ಲ. ಗೀಟುಗಳನ್ನು ಕೂಡಿದೆ, 1,229 ಆಯಿತು. ಕೂಡಿದ್ದು ಸರಿಯೋ ಎಂದು ನೋಡಲು ಮೊದಲ ದಿನದ ತಾರೀಖು ಬೇಕಾಯಿತು. ಹಳೆಯ ಪುಸ್ತಕವನ್ನು ಟ್ರಂಕಿನಿಂದ ತೆಗೆದು ನವೆಂಬರ್ 9ರ ಪುಟ ಬಿಡಿಸಿದೆ.

ಇಲ್ಲಿಯವರೆಗೆ ಒಂದು ವಿಷಯ ಬರೆಯದೆ ಬಂದಿದ್ದೇನೆ. ಅಷ್ಟು ವರ್ಷ ಹೇಗೆ ಬಿಟ್ಟಿದ್ದೆನೋ ಹಾಗೆಯೇ ಇಲ್ಲಿಯೂ ಬಿಟ್ಟೆ. ಔಷಧಿ ಹೊಡೆಯುವವರು ಕೂಗಬೇಕು ಎನ್ನುವುದು ಪದ್ಧತಿಯ ಅರ್ಧ ಮಾತ್ರ. ಬದಿಯ ಸಾಲು ಕೊಯ್ಯುವವರು ಕೊಯ್ಯುವ ಮುಂಚೆ ಕೇಳಬೇಕು, ಅದು ಇನ್ನರ್ಧ. ಕೂಗು ಗಾಳಿಗೆ ಕೇಳದೆ ಹೋಗಬಹುದು, ಮರೆತೂ ಹೋಗಬಹುದು. ಅದಕ್ಕೇ ಅವ್ವ ಆ ಎರಡು ಸಾಲಿಗೆ ಕುಡುಗೋಲು ಹಾಕುವ ಮುಂಚೆ ಯಾವಾಗಲೂ ಬದುವಿನ ತನಕ ಹೋಗಿ, ಕೊಯ್ಯಲಾ ಎಂದು ಕೇಳಿ ಬರುತ್ತಿದ್ದಳು.

ನವೆಂಬರ್ 9ರ ಬೆಳಗಿನ ಬರಹ ನನ್ನದೇ ಅಕ್ಷರದಲ್ಲಿ ಹೀಗಿತ್ತು: “10 ಗಂಟೆಗೆ ಟೆಸ್ಟ್. ಬಸ್ಸು 7:50. ಒಳಗಿನ ಸಾಲು ದೂರ ಅಂತ ಬದಿ ಎರಡು ಸಾಲು ಕೊಯ್ದೆ. ಸೊಪ್ಪು ದಟ್ಟ, 3 ಹೊರೆ ಬೇಗ ಆಯಿತು. ಎಲೆ ಒದ್ದೆ, ಇಬ್ಬನಿ.”

ಇಬ್ಬನಿಯಲ್ಲ. ಮಾವ ಬೆಳಕು ಹರಿಯುವ ಮೊದಲೇ ಹೊಡೆದು ಮುಗಿಸಿದ್ದರು.

ಇದನ್ನು ನಾನು ಮರೆತಿದ್ದೆ ಎಂದು ಹೇಳಿಕೊಳ್ಳಬಹುದಿತ್ತು. ಮರೆತಿರಲಿಲ್ಲ. ಅರಳಿಕಟ್ಟೆಯಲ್ಲಿ ಗಾಳಿಯ ಮಾತು ಎತ್ತಿದಾಗ ಚೆನ್ನಾಗಿ ನೆನಪಿತ್ತು. ಆ ಪುಟವನ್ನು ಮೂರು ವರ್ಷ ತೆರೆಯಲಿಲ್ಲ, ಅಷ್ಟೇ. ಬೇರೆ ಪುಟಗಳನ್ನೆಲ್ಲ ತಿರುಗಿಸಿ ನೋಡುವ ಹುಡುಗಿ ಆ ಒಂದನ್ನು ತೆರೆಯಲಿಲ್ಲ. ಮಾವನ ಮೇಲಿನ ಸಿಟ್ಟು ಎಲ್ಲಿಯವರೆಗೆ ಉರಿಯುತ್ತದೆಯೋ ಅಲ್ಲಿಯವರೆಗೆ ನನ್ನ ಕುಡುಗೋಲಿನ ಕಡೆ ನಾನು ನೋಡಬೇಕಿರಲಿಲ್ಲ.

2:10ಕ್ಕೆ ಎದ್ದೆ. ಚಂದ್ರಿಕೆ ಭಾರವಿಲ್ಲ, ಆದರೆ ಅಗಲ. ಗಾಳಿಗೆ ಹೊರಳಿಸುತ್ತದೆ. ಒಂದರ ಮೇಲೊಂದು ಎರಡೆರಡು ತಲೆಯ ಮೇಲೆ ಇಟ್ಟುಕೊಂಡು ಅವರ ಅಂಗಳಕ್ಕೆ ಹೊತ್ತೆ. ಮೊದಲ ಸಲ ಹೋದಾಗ ಅತ್ತೆ ತಟ್ಟೆ ಹಿಡಿದುಕೊಂಡು ಹುಳ ಆಯುತ್ತಿದ್ದರು. ಹದಿನೆಂಟೂ ತುಂಬುತ್ತ ಬಂದಿದ್ದವು. ನನ್ನನ್ನು ನೋಡಿ, ಬಿಸಿಲಿಗೆ ಇಡಬೇಡ, ಚಪ್ಪರದ ನೆರಳಿಗೆ ಒರಗಿಸು ಎಂದರು. ಆರನೇ ಸಲ ಹೊರುವಾಗ ಪೂರಿಗಾಲಿಯಿಂದ ಬಂದ ಅವ್ವ ಬಾಗಿಲಲ್ಲಿ ಎದುರಾದಳು. ನನ್ನ ತಲೆಯ ಮೇಲಿನ ಚಂದ್ರಿಕೆ ನೋಡಿದಳು, ಗೋಡೆಯ ಹತ್ತಿರ ಉಳಿದದ್ದು ನೋಡಿದಳು. ರೇಷ್ಮೆ ಸೀರೆ ಕೂಡ ಬಿಚ್ಚದೆ ಸೆರಗು ಸಿಕ್ಕಿಸಿ ಎರಡು ಎತ್ತಿಕೊಂಡಳು.

ಮೂವರೂ ಹುಳ ಆಯಲು ಕೂತೆವು. ನಡುವೆ ಸೊಪ್ಪಿನ ಕಡ್ಡಿಯ ರಾಶಿ. ಹಣ್ಣಾದ ಹುಳ ಮೇಲೆ ಹತ್ತಿ ತಲೆ ಎತ್ತಿ ಜಾಗ ಹುಡುಕುತ್ತಿತ್ತು. ಅವ್ವ ಮತ್ತು ಅತ್ತೆ ಮೂರು ವರ್ಷ ಮಾತಾಡದ ಹೆಂಗಸರ ಹಾಗೆ ಕಾಣಲಿಲ್ಲ. ನಾಮಕರಣದ ಊಟ ಏನಿತ್ತು ಎಂದು ಅತ್ತೆ ಕೇಳಿದರು, ಪಾಯಸ ತೆಳ್ಳಗಿತ್ತು ಎಂದು ಅವ್ವ ಹೇಳಿದಳು. ನಾನೇ ತಡೆಯಲಾರದೆ, ಅವತ್ತು ಬದಿ ಸಾಲು ಕೊಯ್ದದ್ದು ನಾನು, ಕೇಳದೇ ಕೊಯ್ದೆ ಎಂದೆ.

ಅವ್ವ ತಲೆ ಎತ್ತಲಿಲ್ಲ. “ಕೂಳೆ ನೋಡುದ್ರೆ ಗೊತ್ತಾಗಲ್ವೇನೆ? ನೀನ್ ಕೊಯ್ದ್ರೆ ಮೊಳಕಾಲುದ್ದ ಬುಟ್ಟು ಕೊಯ್ತೀಯ. ಗುಂಡಿ ಮುಚ್ಚಿದ್ ದಿನ್ವೇ ನೋಡ್ದೆ.”

“ಅಷ್ಟ್ ದಿನದಿಂದ ಗೊತ್ತಿದ್ದು ಯಾಕವ್ವ ಹೇಳ್ಲಿಲ್ಲ?”

“ಯೋಳಿ ಏನ್ಮಾಡ್ಲಿ? ಉಳ ಬಂದದಾ?”

ಅತ್ತೆಗೂ ಗೊತ್ತಿತ್ತು. ಬದುವಿನ ಆಚೆಯಿಂದ ಕೂಳೆ ಅವರಿಗೂ ಕಾಣುತ್ತದಲ್ಲ. ಅರಳಿಕಟ್ಟೆಯಲ್ಲಿ ಒಂದು ಮಾತು ಹೇಳಿದ್ದರೆ ಅರ್ಧ ತಪ್ಪು ಅಂದೇ ಈಚೆ ಮನೆಗೆ ಬರುತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಅವರನ್ನೂ ಕೇಳಿದೆ.

“ಏನ್ ಯೋಳನವ್ವ. ನಿಮ್ಮಪ್ಪ ಅವತ್ತು ಕೆಂಡ ಆಗಿದ್ದ. ನಿಂಗೆ ನಾಕ್ ಬುಟ್ಟಿದ್ರೆ ನಮ್ಗೇನ್ ಬತ್ತಿತ್ತು? ಕೂಗ್ದೆ ಇದ್ದುದ್ದು ನಮ್ಮೋರೇ ಅಲ್ವಾ.” ಆಮೇಲೆ ಹುಳವನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಕೇಳಿದರು: “ನಮ್ ಮ್ಯಾಲೆ ಪುಸ್ತಕ ಬರೀತಿದ್ದೀಯಂತೆ. ಎಷ್ಟಾಯ್ತು?”

ಒಂದೂವರೆ ಆಗಿದೆ ಎಂದೆ.

“ಇನ್ನರ್ಧ ಖಾಲಿ ಐತಲ್ಲ, ಅದ್ರಲ್ಲಿ ಉಪ್ಸಾರು ಮಾಡೋದ್ ಬರ್ಕೊ. ನಾಳೆ ಗಂಡನ್ ಮನೆಗೋದ್ರೆ ಗೀಟು ಬೇಯ್ಸಿ ಇಕ್ತೀಯಾ?”

ಅವ್ವ ನಕ್ಕಳು. ಆ ಹುಳದ ಮನೆಯಲ್ಲಿ ಅವಳು ನಕ್ಕದ್ದು ನಾನು ಕೇಳಿ ಎಷ್ಟೋ ಕಾಲವಾಗಿತ್ತು. ನನಗೆ ಮಾತ್ರ ಕಣ್ಣು ಮಂಜಾಗಿ, ಹಸಿ ಹುಳ ಮೂರನ್ನು ಹಣ್ಣುಹುಳದ ತಟ್ಟೆಗೆ ಹಾಕಿದೆ. ಅತ್ತೆ ಸುಮ್ಮನೆ ಎತ್ತಿ ಈಚೆಗಿಟ್ಟರು.

ಆ ದಿನದ ಲೆಕ್ಕ: ಮೂವರೂ ಸೇರಿ ಆಯ್ದದ್ದು 118 ತಟ್ಟೆ, ನಲವತ್ತು ಚಂದ್ರಿಕೆ ತುಂಬಿದ್ದು ಸಂಜೆ 6:25ಕ್ಕೆ. ಖಾಲಿ ಟೆಂಪೊ ತೆಗೆದುಕೊಂಡು ಮಾವ ಬಂದದ್ದು ಅದಾದ ಹತ್ತು ನಿಮಿಷಕ್ಕೆ. ಕೆಂಪು ಮೂಲೆಯ ಚಂದ್ರಿಕೆಗಳನ್ನು ನೋಡಿ, ಗಾಳಿಗೆ ಬೀಳದ ಹಾಗೆ ಒಂದೊಂದಕ್ಕೂ ಹಗ್ಗ ಬಿಗಿಯತೊಡಗಿದರು. ನನ್ನ ಕಡೆ ತಿರುಗಲಿಲ್ಲ. ನಾನೂ ಮಾತಾಡಿಸಲಿಲ್ಲ.

ಇಲ್ಲಿಗೆ ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ನನ್ನ ತಪ್ಪು ಸಿಕ್ಕಿತೆಂದು ಮಾವನ ತಪ್ಪು ಇಲ್ಲವಾಗಲಿಲ್ಲ. ನಾನು ಕೇಳಲಿಲ್ಲ, ನಿಜ. ಅವರು ಕೂಗಲಿಲ್ಲ, ಅದೂ ನಿಜ. ಅತ್ತೆಯ ಮೇಲೆ ಸಿಟ್ಟು ಹೋಗಿತ್ತು, ಎಲ್ಲಿಗೆ ಹೋಯಿತೆಂದೇ ತಿಳಿಯದ ಹಾಗೆ. ಮಾವನ ಮೇಲಿನದು ಹಾಗೇ ಇತ್ತು, ಚಿಕ್ಕದಾಗಿ, ಚಪ್ಪಲಿಯೊಳಗಿನ ಕಲ್ಲಿನಂತೆ. ಅವರು ಯಾಕೆ ಕೂಗಲಿಲ್ಲ ಎನ್ನುವುದಕ್ಕೆ ನಾಲ್ಕು ಕಾರಣ ಬರೆದಿಟ್ಟಿದ್ದೆ. ಹೊಟ್ಟೆಕಿಚ್ಚು ಮೊದಲನೆಯದು. ಯಾವುದೆಂದು ಅವರ ಬಾಯಿಂದ ಬಂದರೆ ಮಾತ್ರ ಇದು ಮುಗಿಯುತ್ತದೆ ಎಂದುಕೊಂಡಿದ್ದೆ.

ಮುಂದಿನ ಶನಿವಾರ, 29ನೇ ತಾರೀಖು, ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಮಾವ ಚಂದ್ರಿಕೆ ಹಿಂದಿರುಗಿಸಲು ಬಂದರು. ಗೂಡು ಬಿಡಿಸಿಯಾಗಿತ್ತು. ಒಂದೊಂದನ್ನೇ ತಂದು ಗೋಡೆಗೆ ಒರಗಿಸುತ್ತಿದ್ದರು. ಐದಾರು ತಂದ ಮೇಲೆ ನಾನೇ ಹತ್ತಿರ ಹೋಗಿ, ಅವತ್ತು ಯಾಕೆ ಕೂಗಲಿಲ್ಲ ಎಂದು ಕೇಳಿದೆ. ಬೈಯುವ ದನಿಯಲ್ಲಿ ಕೇಳಲಿಲ್ಲ.

ಮಾವ ಚಂದ್ರಿಕೆಯ ಪಟ್ಟಿಯನ್ನು ಬೆರಳಿಂದ ಸರಿಮಾಡುತ್ತ ನಿಂತರು.

“ಮರ್ತೆ ಕಣವ್ವ.”

“ಮರೆತದ್ದು ಅಂತ ಅವತ್ತೇ ಹೇಳಬಹುದಿತ್ತಲ್ಲ ಮಾವ?”

“ನಲವತ್ ಸಾವ್ರ ಉಳ ಸಾಯ್ಸಿ ಮರ್ತೆ ಅಂದ್ರೆ ಯಾರ್ ನಂಬ್ತಾರೆ? ನೀನ್ ನಂಬ್ತಿದ್ದಾ?”

ನಂಬುತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಅವರು ತಲೆಯಾಡಿಸಿ ಉಳಿದದ್ದನ್ನು ತರಲು ಹೋದರು.

ಅದು ನನ್ನ ನಾಲ್ಕು ಕಾರಣಗಳಲ್ಲಿ ಇರಲಿಲ್ಲ. ಇಷ್ಟು ವರ್ಷ ಹೊತ್ತ ಸಿಟ್ಟಿಗೆ ಅದು ಬಹಳ ಸಣ್ಣದು ಅನ್ನಿಸಿತು. ನಿಜವೋ ಅಲ್ಲವೋ ಪರೀಕ್ಷಿಸುವ ದಾರಿಯೂ ಇಲ್ಲ. ಆ ದಿನದ ಪುಟದಲ್ಲಿ, ನಂಬಿದೆ ಎಂದು ನಾನು ಬರೆದಿಲ್ಲ. “ಇನ್ನು ಕೇಳುವುದಿಲ್ಲ” ಎಂದು ಬರೆದೆ. ಮಾವ ಮತ್ತೆ ಬಂದಾಗ ಚಂದ್ರಿಕೆಯ ಇನ್ನೊಂದು ತುದಿ ಹಿಡಿದುಕೊಂಡೆ. ಒಂದನ್ನು ಇಬ್ಬರು ಹಿಡಿಯುವ ಅಗತ್ಯವೇನೂ ಇರಲಿಲ್ಲ. ಉಳಿದವನ್ನೂ ಹಾಗೆಯೇ ತಂದೆವು.

ಕ್ಷಮಿಸುವುದೆಂದರೆ ಏನೋ ದೊಡ್ಡದೊಂದು ಆಗುತ್ತದೆ, ಎದೆ ತಿಳಿಯಾಗುತ್ತದೆ ಎಂದೆಲ್ಲ ಅಂದುಕೊಂಡಿದ್ದೆ. ನನಗಾದದ್ದು ಅಷ್ಟಿಲ್ಲ. ಚಂದ್ರಿಕೆ ಹೊತ್ತು ಕೊಟ್ಟ ಮರುದಿನ ಬೆಳಗ್ಗೆ ಪುಸ್ತಕ ತೆಗೆದಾಗ ಗೀಟು ಎಳೆಯಲು ಏನೂ ಇರಲಿಲ್ಲ. ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಅಭ್ಯಾಸ ತಪ್ಪಿದ ಕೈಗೆ ಒಂದು ಥರ ಬೇಜಾರಾಗುತ್ತದೆ, ಅದೂ ಇತ್ತು. ನನ್ನ ತಪ್ಪನ್ನು ಮೂರು ವರ್ಷ ಕಂಡೂ ನನಗೆ ಒಂದು ಮಾತು ಆಡದ ಇಬ್ಬರು ಹೆಂಗಸರು ಒಂದು ಗೀಟನ್ನೂ ಎಳೆದಿರಲಿಲ್ಲ. ಅವರ ಹತ್ತಿರ ಪುಸ್ತಕವೇ ಇರಲಿಲ್ಲ.

ಆಮೇಲೆ ಜೂನ್‌ನಿಂದ ಎರಡೂ ಮನೆಯಲ್ಲಿ ಮತ್ತೆ ನೂರು ನೂರು ಮೊಟ್ಟೆ, ಹದಿನೈದು ದಿನ ಹಿಂದೆ ಮುಂದೆ. ಇಲ್ಲಿಯವರೆಗೆ ಎರಡೂ ಸೇರಿ ಎಂಟು ಬೆಳೆ ಆಗಿವೆ. ಅಕ್ಟೋಬರಿನದೊಂದು ಹಾಲು ರೋಗದಿಂದ ಅರ್ಧ ಹೋಯಿತು. ಅದಕ್ಕೆ ಸಿಟ್ಟು ಮಾಡಿಕೊಳ್ಳಲು ಯಾರೂ ಸಿಗಲಿಲ್ಲ. ಅವ್ವ ಮತ್ತು ಅತ್ತೆ ಮಳೆಯನ್ನು ಬೈದುಕೊಂಡು ಮನೆ ತೊಳೆದರು. ಅಪ್ಪನಿಗೆ ಬದಿ ಸಾಲಿನ ವಿಷಯವನ್ನು ನಾನೇ ಹೇಳಿದೆ. ಎರಡು ದಿನ ಮಾತು ಬಿಟ್ಟು, ಮೂರನೇ ದಿನ ಬೆಳಗ್ಗೆ ಬಸ್ ಸ್ಟಾಂಡಿಗೆ ತಾನೇ ಗಾಡಿಯಲ್ಲಿ ಬಿಟ್ಟು ಬಂದ.

ಇದನ್ನೆಲ್ಲ ಬರೆಯಲು ಇನ್ನೊಂದು ಕಾರಣವಿದೆ. ಮಾವ ಅಂದು ತಂದಿಟ್ಟ ಇಪ್ಪತ್ತೆರಡು ಚಂದ್ರಿಕೆಗಳನ್ನು ಆಮೇಲೆ ತೊಳೆಯಲು ತೆಗೆದಾಗ, ಪ್ರತಿಯೊಂದರ ನಟ್ಟನಡುವಿನ ಸುರುಳಿಯಲ್ಲಿ ಒಂದೊಂದು ಗೂಡು ಬಿಡಿಸದೆ ಉಳಿದಿತ್ತು. ಮರೆತದ್ದಲ್ಲ, ಇಪ್ಪತ್ತೆರಡರಲ್ಲೂ ಒಂದೇ ಜಾಗ. ಎರಡು ಮನೆ ಒಂದಾಗಿದ್ದಾಗ ಹೀಗೆ ಬಿಟ್ಟದ್ದು ನನ್ನ ಹಳೆಯ ಪುಸ್ತಕಗಳಲ್ಲಿ ಒಂದು ಸಲವೂ ಇಲ್ಲ. ಅತ್ತೆಯನ್ನು ಕೇಳಿದರೆ, ತಮ್ಮ ಅಜ್ಜಿ ಹೀಗೆ ಮಾಡುತ್ತಿದ್ದಳು, ಹಗೆ ಬಿಟ್ಟ ಮನೆಗೆ ಚಂದ್ರಿಕೆ ವಾಪಸ್ಸು ಕೊಡುವಾಗ ಬರಿದು ಕೊಡಬಾರದಂತೆ, ಅದಕ್ಕಿಂತ ಹೆಚ್ಚು ತಮಗೆ ಗೊತ್ತಿಲ್ಲ ಎಂದರು. ಅವ್ವ ಇದನ್ನು ಕೇಳಿಯೇ ಇಲ್ಲ. ಹತ್ತು ದಿನದಲ್ಲಿ ಚಿಟ್ಟೆ ತೂತು ಮಾಡಿ ಹೊರಬರುತ್ತದೆ, ಮೊದಲು ಬಿಸಿಲಿಗೆ ಹಾಕು ಎಂದಳು.

ಊರಿನ ಹಿರಿಯರಲ್ಲಿ ಆರು ಜನರನ್ನು ಕೇಳಿದ್ದೇನೆ. ನಾಲ್ವರಿಗೆ ಗೊತ್ತಿಲ್ಲ. ಒಬ್ಬರು, ಸೂತಕ ಕಳೆದ ಮನೆಗೂ ಹೀಗೆ ಮಾಡುತ್ತಿದ್ದರೆಂದರು. ಇನ್ನೊಬ್ಬರು, ಆ ಗೂಡಿನ ನೂಲು ತೆಗೆದು ಎರಡು ಮನೆಯ ಮಕ್ಕಳ ಕೈಗೂ ಕಟ್ಟುತ್ತಿದ್ದರೆಂದರು. ಮಳವಳ್ಳಿ, ಮದ್ದೂರು, ಮಂಡ್ಯದ ಕಡೆ ಹುಳ ಸಾಕಿದ ಮನೆಯವರು, ಅಥವಾ ಅಜ್ಜಿಯಂದಿರಿಂದ ಕೇಳಿದವರು ಯಾರಾದರೂ ಇದನ್ನು ಓದಿದರೆ, ಈ ಪದ್ಧತಿ ನಿಮ್ಮೂರಲ್ಲೂ ಇತ್ತೇ, ಯಾವ ಮನೆಗೆ ಬಿಡುತ್ತಿದ್ದರು, ಪಡೆದ ಮನೆಯವರು ಆ ಗೂಡನ್ನು ಏನು ಮಾಡಬೇಕಿತ್ತು ಎಂದು ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಊರು ಮತ್ತು ಅಂದಾಜು ವರ್ಷ ತಿಳಿಸಿದರೆ ಒಳ್ಳೆಯದು. ಅತ್ತೆಗೂ ಓದಿ ಹೇಳಬೇಕಾಗಿದೆ.